ವಿಮೆ ಫಾರ್ಮಿಗೆ ಡಾಕ್ಟರ್ ಶುಲ್ಕ: ನಾಯಿ, ಎಮ್ಮೆ ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ನಾಯಿ ಚಂದುಗೆ ಟಿಕ್ ಫೀವರ್ ಬಂತು. ಒಂಬತ್ತು ದಿನ ಸಲೈನ್, ಮೂರು ಸಲ ರಕ್ತ ಪರೀಕ್ಷೆ. ಒಟ್ಟು ಬಿಲ್ಲು 11,400 ರೂಪಾಯಿ. ನಾಯಿಗೆ ವಿಮೆ ಇತ್ತು. ಧೈರ್ಯವಾಗಿ ಕ್ಲೈಮ್ ಫಾರ್ಮ್ ಹಿಡಿದು ಕ್ಲಿನಿಕ್‌ಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ, "ಫಾರ್ಮ್ ಇಲ್ಲೇ ಬಿಟ್ಟು ಹೋಗ್ರಿ, ಐನೂರು ರೂಪಾಯಿ ಆಕ್ಕೈತ್ರಿ" ಅಂದ. "ಪಾವತಿ ಕೊಡ್ತೀರೇನ್ರಿ?" ಅಂತ ಕೇಳಿದೆ. ನಮ್ಮ ಕಡೆ ರಸೀದಿಗೆ ಪಾವತಿ ಅಂತಾರೆ. "ಅದಕ್ಕೆಲ್ಲ ಪಾವತಿ ಇರೂದಿಲ್ರಿ" ಅಂದ.

ಆ ಐನೂರು ರೂಪಾಯಿಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ಮೊದಲು ನಮ್ಮ ಸಪ್ತಾಪುರದ ಓಣಿಯವರಿಗೆ ಹೇಳಿದೆ. ಆಮೇಲೆ ಹುಬ್ಬಳ್ಳಿಯಿಂದ, ಕುಂದಗೋಳದಿಂದ, ಗದಗಿನಿಂದ ಫೋನ್ ಬರತೊಡಗಿದವು. ಎಮ್ಮೆ ಸಾಕಿದವರೂ ಕೇಳಿದರು, ನಾಯಿ ಸಾಕಿದವರೂ ಕೇಳಿದರು. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ವಕೀಲ ಅಲ್ಲ, ವಿಮೆ ಏಜೆಂಟನೂ ಅಲ್ಲ. ಪ್ರಾಣಿ ಸಾಕಿದವನು, ಅಷ್ಟೇ.

ವಿಮೆ ಫಾರ್ಮ್ ತುಂಬಿ ಸಹಿ ಮಾಡಲು ಡಾಕ್ಟರ್ ದುಡ್ಡು ಕೇಳಬಹುದಾ?

ಖಾಸಗಿ ಕ್ಲಿನಿಕ್ ಆದರೆ ಕೇಳಬಹುದು. ಕೇಳಬಾರದು ಅಂತ ಕಾನೂನು ಹೇಳುವುದಿಲ್ಲ. ಇಷ್ಟೇ ತಗೋಬೇಕು ಅಂತ ಸರ್ಕಾರದ ದರಪಟ್ಟಿಯೂ ಇಲ್ಲ. ಚಿಕಿತ್ಸೆ ಒಂದು ಕೆಲಸ, ವಿಮೆ ಕಾಗದ ಇನ್ನೊಂದು ಕೆಲಸ.

ಆದರೆ ಮೂರು ಮಾತು ನಡೆಸಿಕೊಡಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟು ಅಂತ ಮೊದಲೇ ಹೇಳಬೇಕು. ಎಲ್ಲರಿಗೂ ಒಂದೇ ದರ ಇರಬೇಕು. ತಗೊಂಡ ಹಣಕ್ಕೆ ಪಾವತಿ ಕೊಡಬೇಕು. ಇದರಲ್ಲಿ ಒಂದು ತಪ್ಪಿದರೂ ಕೇಳುವ ಹಕ್ಕು ನಮಗಿದೆ.

ಒಂದು ಸಹಿಗೆ ಇಷ್ಟ್ಯಾಕೆ? ಎರಡು ನಿಮಿಷದ ಕೆಲಸ ಅಲ್ವಾ?

ನಾನೂ ಹಾಗೇ ತಿಳಿದಿದ್ದೆ. ಕೊನೆಗೆ ನಮ್ಮ ಡಾಕ್ಟರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫಾರ್ಮ್ ತುಂಬಿದರು. ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು.

ಫಾರ್ಮಿನಲ್ಲಿ ಎರಡು ಭಾಗ ಇರುತ್ತವೆ. ಒಂದು ನಮ್ಮದು: ಹೆಸರು, ಪಾಲಿಸಿ ನಂಬರ್, ಬ್ಯಾಂಕ್ ಖಾತೆ. ಇನ್ನೊಂದು ಡಾಕ್ಟರದ್ದು. ರೋಗದ ಲಕ್ಷಣ ಮೊದಲು ಕಂಡದ್ದು ಯಾವ ದಿನ, ಪ್ರಾಣಿಯನ್ನು ಮೊದಲು ತಂದದ್ದು ಯಾವ ದಿನ, ಏನು ರೋಗ, ಯಾವ ಪರೀಕ್ಷೆಯಿಂದ ಖಚಿತವಾಯಿತು, ಈ ರೋಗ ಹಿಂದೆ ಬಂದಿತ್ತಾ, ಲಸಿಕೆ ಹಾಕಿಸಿದ ತಾರೀಕು ಯಾವುದು. ನಮ್ಮ ಡಾಕ್ಟರ್ ಹಳೆಯ ರಿಜಿಸ್ಟರ್ ತೆಗೆದರು. ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದೇ ಪುಟ ತಿರುವಿ, ಎರಡು ವರ್ಷದ ಹಿಂದೆ ಚಂದುಗೆ ಹಾಕಿದ ಲಸಿಕೆಯ ಸಾಲು ಹುಡುಕಿದರು. ಪ್ಲೇಟ್‌ಲೆಟ್ ಎಣಿಕೆಯನ್ನು ಮೂರೂ ರಿಪೋರ್ಟ್ ನೋಡಿ ಬರೆದರು. ನಡುವೆ ವಾಂತಿ ಮಾಡುತ್ತಿದ್ದ ಒಂದು ಮರಿ ಬಂತು, ಎದ್ದು ಹೋದರು. ತಿರುಗಿ ಬಂದು ಕೂತರು. ಎಲ್ಲಾ ಮುಗಿಯಲು ಮುಕ್ಕಾಲು ತಾಸು ಆಯಿತು.

ಸಹಿಯ ಕೆಳಗೆ ತಮ್ಮ ನೋಂದಣಿ ಸಂಖ್ಯೆ ಬರೆದು ಸೀಲು ಹಾಕಿದರು. ಅಂದರೆ ನಾಳೆ ಕಂಪನಿಯವರು ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕಾದವರು ಅವರೇ. ಆ ಜವಾಬ್ದಾರಿಗೆ ಒಂದು ಬೆಲೆ ಇದೆ ಅಂತ ಒಪ್ಪುತ್ತೇನೆ. ಕ್ಲಿನಿಕ್ ಮೇಲೆ ನನ್ನ ದೂರು ಅವತ್ತೂ ಶುಲ್ಕದ ಬಗ್ಗೆ ಇರಲಿಲ್ಲ. ಮೊದಲೇ ಹೇಳಲಿಲ್ಲ, ಪಾವತಿ ಕೊಡಲಿಲ್ಲ ಎಂಬುದೇ ದೂರು.

ಹಾಗಾದರೆ ಎಷ್ಟು ಕೊಟ್ಟರೆ ಸರಿ?

ಕನ್ಸಲ್ಟೇಶನ್ ಫೀಯನ್ನು ಅಳತೆಗೋಲು ಮಾಡಿಕೊಳ್ಳಿ. ಅದೇ ಡಾಕ್ಟರ್ ನಾಯಿ ನೋಡಲು 300 ತಗೊಳ್ಳುತ್ತಿದ್ದರೆ, ಫಾರ್ಮಿಗೂ ಹೆಚ್ಚುಕಡಿಮೆ ಅಷ್ಟೇ ಕೇಳುವುದು ನ್ಯಾಯ. ಅದರ ಮೂರು ಪಟ್ಟು, ನಾಲ್ಕು ಪಟ್ಟು ಕೇಳಿದರೆ "ಯಾಕ್ರಿ ಸರ್?" ಅಂತ ಕೇಳಲು ಸಂಕೋಚ ಬೇಡ. ಇದು ನನ್ನ ಲೆಕ್ಕ, ಕಾನೂನಿನ ಲೆಕ್ಕ ಅಲ್ಲ.

ಒಂದೇ ಕಾಯಿಲೆಗೆ ಎರಡನೇ ಸಲ ಫಾರ್ಮ್ ಕೊಡಬೇಕಾಗಿ ಬಂದರೆ, ಉದಾಹರಣೆಗೆ ಕಂಪನಿಯವರು ಒಂದು ತಾರೀಕು ಬಿಟ್ಟುಹೋಗಿದೆ ಅಂತ ವಾಪಸ್ ಕಳಿಸಿದರೆ, ಅದಕ್ಕೆ ಮತ್ತೆ ದುಡ್ಡು ತಗೋಬಾರದು. ತಪ್ಪು ಬಿಟ್ಟವರೇ ಸರಿಮಾಡಿ ಕೊಡಬೇಕು.

"ಕ್ಲೈಮ್ ಬಂದ ಮೇಲೆ ಅದರಲ್ಲಿ ಹತ್ತು ಪರ್ಸೆಂಟ್ ಕೊಡ್ರಿ" ಅಂತಾರೆ. ಕೊಡಲಾ?

ಬೇಡ. ಇದಕ್ಕೆ ಒಪ್ಪಲೇಬೇಡಿ. ಐದು ಸಾವಿರದ ಕ್ಲೈಮ್ ಆದರೂ ಐವತ್ತು ಸಾವಿರದ ಕ್ಲೈಮ್ ಆದರೂ ಫಾರ್ಮ್ ಒಂದೇ, ಬರೆಯುವ ಶ್ರಮ ಒಂದೇ. ಡಾಕ್ಟರಿಗೆ ಕ್ಲೈಮಿನಲ್ಲಿ ಪಾಲು ಸಿಗುತ್ತದೆ ಅಂದರೆ ಬಿಲ್ಲು ದೊಡ್ಡದಾದಷ್ಟೂ ಅವರಿಗೆ ಲಾಭ. ಆಗ ಅವರು ಬರೆದ ರಿಪೋರ್ಟನ್ನು ಯಾರು ನಂಬುತ್ತಾರೆ? ಕಂಪನಿಗೆ ವಾಸನೆ ಬಡಿದರೆ ನಿಮ್ಮ ನಿಜವಾದ ಕ್ಲೈಮ್ ಕೂಡ ಕೈತಪ್ಪುತ್ತದೆ.

ಈ ಶುಲ್ಕವನ್ನು ವಿಮೆ ಕಂಪನಿಯಿಂದ ವಾಪಸ್ ಪಡೆಯಬಹುದಾ?

ಸಾಮಾನ್ಯವಾಗಿ ಇಲ್ಲ. ಪಾಲಿಸಿ ಕೊಡುವುದು ಚಿಕಿತ್ಸೆಯ ಖರ್ಚಿಗೆ: ಔಷಧ, ಪರೀಕ್ಷೆ, ಆಪರೇಶನ್, ಒಳರೋಗಿಯಾಗಿ ಇರಿಸಿಕೊಂಡ ಖರ್ಚು. ಕಾಗದದ ಖರ್ಚು ನಮ್ಮದೇ. ಅದಕ್ಕೇ ಕ್ಲೈಮ್ ಹಾಕುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಮಾಡಿ. ಬಿಲ್ಲು 1,800. ಪಾಲಿಸಿ ಪ್ರಕಾರ ಮೊದಲ 1,000 ನಿಮ್ಮದು ಅಂತ ಇದ್ದರೆ ಬರುವುದು 800. ಫಾರ್ಮಿಗೆ 500 ಕೊಟ್ಟರೆ ಉಳಿಯುವುದು 300. ಅದಕ್ಕಾಗಿ ಎರಡು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡಬೇಕಾ? ಸಣ್ಣ ಬಿಲ್ಲಿಗೆ ಎಷ್ಟೋ ಸಲ ಸುಮ್ನೆ ಬಿಡುವುದೇ ಲೇಸು.

ಬಿಲ್ಲಿನಲ್ಲಿ ಫಾರ್ಮ್ ಶುಲ್ಕವನ್ನು "ಡ್ರೆಸ್ಸಿಂಗ್" ಅಂತಲೋ "ಇಂಜೆಕ್ಷನ್" ಅಂತಲೋ ಸೇರಿಸಿ ಕೊಡುತ್ತೇವೆ ಅಂತ ಕೆಲವರು ಉಪಕಾರ ಮಾಡಿದಂತೆ ಹೇಳುತ್ತಾರೆ. ಅದು ಸುಳ್ಳು ಬಿಲ್ಲು. ಬೇಡ ಅನ್ನಿ.

ಮೊದಲು ಏನೂ ಹೇಳಲಿಲ್ಲ. ಈಗ ದುಡ್ಡು ಕೊಡುವ ತನಕ ಫಾರ್ಮ್ ಕೊಡುವುದಿಲ್ಲ ಅಂತಿದ್ದಾರೆ. ಏನು ಮಾಡಲಿ?

ನನಗೆ ಆದದ್ದು ಇದೇ. ನಾಲ್ಕು ದಿನ ಫಾರ್ಮ್ ಕೌಂಟರಿನ ಡ್ರಾವರಿನಲ್ಲೇ ಇತ್ತು. ಅತ್ತ ಕಂಪನಿಯಿಂದ ಮೆಸೇಜ್ ಮೇಲೆ ಮೆಸೇಜ್: ದಾಖಲೆ ಕಳಿಸಿ, ದಾಖಲೆ ಕಳಿಸಿ.

ಜಗಳ ಆಡಲು ಹೋಗಬೇಡಿ. ನಾಳೆ ರಾತ್ರಿ ನಿಮ್ಮ ನಾಯಿ ಇಲಿ ಪಾಷಾಣ ತಿಂದರೆ ಓಡಬೇಕಾದದ್ದು ಅದೇ ಬಾಗಿಲಿಗೆ. ಕೌಂಟರಿನವರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ನೇರವಾಗಿ ಡಾಕ್ಟರನ್ನೇ ಕಾಣಿ. ನಾನು ಮಧ್ಯಾಹ್ನ ರೋಗಿಗಳು ಕಡಿಮೆ ಇರುವ ಹೊತ್ತಿಗೆ ಹೋದೆ. "ಸರ್, ಶುಲ್ಕ ಕೊಡಾಕ ನನಗ ತಕರಾರಿಲ್ರಿ. ಮೊದಲ ಹೇಳಿದ್ರ ಚಲೋ ಇತ್ತು. ಪಾವತಿ ಕೊಡ್ರಿ, ಈಗ ಕೊಡ್ತೀನಿ" ಅಂದೆ. ಅವರಿಗೆ ಕೌಂಟರಿನಲ್ಲಿ ಐನೂರು ಕೇಳುತ್ತಿದ್ದ ವಿಷಯವೇ ಗೊತ್ತಿರಲಿಲ್ಲ! ಮುನ್ನೂರಕ್ಕೆ ಪಾವತಿ ಬರೆದುಕೊಟ್ಟು, ಅಲ್ಲೇ ಕೂತು ಫಾರ್ಮ್ ತುಂಬಿದರು.

ಎಲ್ಲರಿಗೂ ಹೀಗೆ ಸಲೀಸಾಗಿ ಆಗುವುದಿಲ್ಲ ಅಂತ ಗೊತ್ತು. ಆಗದಿದ್ದರೆ ವಾಟ್ಸಪ್‌ನಲ್ಲೋ ಇ-ಮೇಲ್‌ನಲ್ಲೋ ಕ್ಲಿನಿಕ್‌ಗೆ ಒಂದು ಸಾಲು ಬರೆಯಿರಿ: ಇಂಥ ದಿನ ಫಾರ್ಮ್ ಕೊಟ್ಟಿದ್ದೇನೆ, ಇಷ್ಟು ಶುಲ್ಕ ಕೇಳಿದ್ದೀರಿ, ದಯವಿಟ್ಟು ಬೇಗ ಕೊಡಿ. ಅದರ ನಕಲನ್ನು ವಿಮೆ ಕಂಪನಿಗೂ ಕಳಿಸಿ, ಡಾಕ್ಟರ ಕಡೆಯಿಂದ ತಡ ಆಗುತ್ತಿದೆ ಅಂತ ತಿಳಿಸಿ. ತಡವಾದದ್ದು ನಿಮ್ಮ ತಪ್ಪಲ್ಲ ಅನ್ನುವುದಕ್ಕೆ ಒಂದು ಆಧಾರ ಆಗುತ್ತದೆ.

ಚಿಕಿತ್ಸೆಯ ಬಿಲ್ಲನ್ನೇ ನೀವು ಬಾಕಿ ಇಟ್ಟಿದ್ದರೆ ಮಾತು ಬೇರೆ. ಮೊದಲು ಅದನ್ನು ತೀರಿಸಿ.

ಡಾಕ್ಟರ್ "ನಾನು ವಿಮೆ ಫಾರ್ಮ್ ಮುಟ್ಟೋದೇ ಇಲ್ಲ" ಅಂದರೆ?

ಕೆಲವು ಹಿರಿಯ ಡಾಕ್ಟರುಗಳು ಹೀಗೆ ಹೇಳುತ್ತಾರೆ. ಒತ್ತಾಯ ಮಾಡಿ ಬರೆಸಲು ಆಗದು. ಆದರೆ ಚಿಕಿತ್ಸೆ ಚೀಟಿ, ಲ್ಯಾಬ್ ರಿಪೋರ್ಟ್, ಔಷಧದ ಬಿಲ್ಲು ಕೊಡಲು ಅವರು ಬೇಡ ಅನ್ನುವುದಿಲ್ಲ. ಅವುಗಳ ಮೇಲೆ ಪ್ರಾಣಿಯ ಹೆಸರು, ತಾರೀಕು, ರೋಗದ ಹೆಸರು, ಸಹಿ, ಸೀಲು ಇರುವಂತೆ ನೋಡಿಕೊಳ್ಳಿ. ಅಷ್ಟನ್ನೂ ಒಂದು ಪತ್ರದ ಜತೆ ಕಂಪನಿಗೆ ಕಳಿಸಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಜೂನ್‌ನಲ್ಲಿ ಸಾಮಾನ್ಯ ವಿಮೆಯ ಬಗ್ಗೆ ಹೊರಡಿಸಿದ ಸುತ್ತೋಲೆಯಲ್ಲಿ, ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಕ್ಲೈಮ್ ತಿರಸ್ಕರಿಸಬಾರದು ಅಂತ ಹೇಳಿದೆ. ಕ್ಲೈಮಿಗೆ ನೇರವಾಗಿ ಬೇಕಾದ ದಾಖಲೆಯನ್ನಷ್ಟೇ ಕೇಳಬೇಕು ಅಂತಲೂ ಇದೆ. ಪತ್ರದಲ್ಲಿ ಈ ಸುತ್ತೋಲೆಯ ಮಾತು ಬರೆಯಿರಿ.

ಇನ್ನು ಮುಂದೆ ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅನ್ನುವುದನ್ನು ನೀವೇ ಯೋಚಿಸಿ. ಆದರೆ ಕೈಗುಣ ಇರುವ ಡಾಕ್ಟರನ್ನು ಒಂದು ಫಾರ್ಮಿಗಾಗಿ ಬಿಡುವುದು ಜಾಣತನ ಅಲ್ಲ ಅಂತ ನನಗನ್ನಿಸುತ್ತದೆ.

ಪಾವತಿ ಕೇಳಿದರೆ ಮುಖ ತಿರುಗಿಸುತ್ತಾರೆ. ಪಾವತಿ ಕೊಡಲೇಬೇಕಾ?

ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕೊಟ್ಟ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ನಗದು ಬೇಡ ಅಂತ ಫೋನ್‌ಪೇ ಮಾಡಿದರೆ ಕನಿಷ್ಠ ಅದರ ದಾಖಲೆ ಉಳಿಯುತ್ತದೆ. ಹಣ ಕಳಿಸುವಾಗ "ವಿಮೆ ಫಾರ್ಮ್ ಶುಲ್ಕ" ಅಂತ ಬರೆದು ಕಳಿಸಿ.

ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದಾರೆ. ಸರಿನಾ?

ಪ್ರಾಣಿ, ಪಕ್ಷಿಗಳ ಆರೋಗ್ಯಕ್ಕಾಗಿ ಪಶುವೈದ್ಯಕೀಯ ಕ್ಲಿನಿಕ್ ಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದ್ದರಿಂದ ನಾಯಿ ನೋಡಿದ ಫೀ ಮೇಲೆ ತೆರಿಗೆ ಹಾಕಿದ್ದರೆ ಕೇಳಿ. ಶಾಂಪೂ, ಬೆಲ್ಟು, ಡಬ್ಬಿ ಆಹಾರ ಕೊಂಡಿದ್ದರೆ ಅದಕ್ಕೆ ತೆರಿಗೆ ಇರುತ್ತದೆ, ಅದು ಬೇರೆ.

ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಫಾರ್ಮಿಗೆ ದುಡ್ಡು ಕೊಡಬೇಕಾ?

ಇದನ್ನು ಕೇಳುವವರಲ್ಲಿ ಎಮ್ಮೆ, ಆಕಳು ಸಾಕಿದವರೇ ಜಾಸ್ತಿ. ಉತ್ತರ ನೇರವಾಗಿದೆ. ಸರ್ಕಾರ ಆದೇಶ ಮಾಡಿ ನಿಗದಿಪಡಿಸಿದ ಶುಲ್ಕ ಇದ್ದರೆ ಅಷ್ಟು ಕೊಡಿ, ಸರ್ಕಾರಿ ರಸೀದಿ ತಗೊಳ್ಳಿ. ರಸೀದಿ ಇಲ್ಲದ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಸಂಬಳ ತಗೊಳ್ಳುವ ಸರ್ಕಾರಿ ಡಾಕ್ಟರ್ ಮರಣೋತ್ತರ ವರದಿಗೆ ಕೈಯಲ್ಲಿ ಹಣ ಕೇಳಿದರೆ ಅದಕ್ಕೆ ಶುಲ್ಕ ಅನ್ನುವುದಿಲ್ಲ, ಲಂಚ ಅನ್ನುತ್ತಾರೆ.

ಸರ್ಕಾರದ ವಿಮಾ ಯೋಜನೆಗಳು ಇದನ್ನು ಮೊದಲೇ ಯೋಚಿಸಿದ್ದವು. 2005-06ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಜಾನುವಾರು ವಿಮಾ ಯೋಜನೆ ಶುರುವಾದಾಗಲೇ, ತಪಾಸಣೆ ಮಾಡುವ, ಪ್ರಮಾಣಪತ್ರ ಕೊಡುವ ಪಶುವೈದ್ಯರಿಗೆ ಯೋಜನೆಯ ಹಣದಿಂದಲೇ ಗೌರವಧನ ಇಟ್ಟಿದ್ದರು. ರೈತನ ಜೇಬಿಗೆ ಕೈ ಹಾಕಬಾರದು ಎಂಬ ಕಾರಣಕ್ಕೇ ಆ ವ್ಯವಸ್ಥೆ ಮಾಡಿದ್ದು ಅಂತ ನಾನು ತಿಳಿದಿದ್ದೇನೆ.

ಶುಲ್ಕ ಇದೆಯೋ ಇಲ್ಲವೋ ಅಂತ ಗೊತ್ತಾಗದಿದ್ದರೆ ಪಶುಸಂಗೋಪನೆ ಇಲಾಖೆಯ ಸಹಾಯವಾಣಿ 8277 100 200ಕ್ಕೆ ಫೋನ್ ಮಾಡಿ. ಬರಹದಲ್ಲಿ ಉತ್ತರ ಬೇಕಿದ್ದರೆ ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಲಂಚವನ್ನೇ ಕೇಳಿದರೆ ಲೋಕಾಯುಕ್ತ ಇದೆ.

ಒಂದು ಮಾತು ಇಲ್ಲೇ ಹೇಳಬೇಕು. ಮುಂಗಾರಿನಲ್ಲಿ ಕೆಸರಿನ ದಾರಿಯಲ್ಲಿ ಬೈಕ್ ತಳ್ಳಿಕೊಂಡು ಬಂದು, ಕೊಟ್ಟಿಗೆಯಲ್ಲಿ ಮೊಣಕೈ ತನಕ ಕೈಹಾಕಿ ಕರು ಹೊರತೆಗೆದು, ಒಂದು ಲೋಟ ಚಹಾ ಕುಡಿದು ಹೋಗುವ ಸರ್ಕಾರಿ ಡಾಕ್ಟರುಗಳನ್ನು ನಾನು ಕಂಡಿದ್ದೇನೆ. ಅಂಥವರನ್ನು ಎಲ್ಲರ ಜತೆ ಸೇರಿಸಿ ಬೈಯುವುದು ಅನ್ಯಾಯ.

ವಿಮೆ ಮಾಡಿಸಿದ ಎಮ್ಮೆ ಸತ್ತುಹೋಯಿತು. ಮೊದಲು ಏನು ಮಾಡಬೇಕು?

ಹೂಳಬೇಡಿ. ಮೊದಲ ಮಾತು ಇದೇ.

ಕುಂದಗೋಳದ ಹತ್ತಿರ ನಮ್ಮ ಸೋದರಮಾವನ ಎಮ್ಮೆ ಒಂದು ಮುಂಜಾನೆ ಹೊಟ್ಟೆ ಉಬ್ಬರಿಸಿ ಸತ್ತಿತು. ಧಾರವಾಡಿ ತಳಿ, ಬಿದಿಗೆ ಚಂದ್ರನ ಹಾಗೆ ಹಿಂದಕ್ಕೆ ಬಾಗಿದ ಕೋಡು. ಅದರ ಹಾಲಿನ ಮೇಲೆಯೇ ಮಾವನ ಇಬ್ಬರು ಮಕ್ಕಳ ಕಾಲೇಜು ನಡೆದಿತ್ತು. ಅತ್ತೆ ಅಳುತ್ತಾ ಕೂತಿದ್ದರು. ನೆರೆಯವರು ಪಾಪ, ಸಹಾಯ ಮಾಡಲು ಹೋಗಿ ಆಗಲೇ ಜೆಸಿಬಿಗೆ ಫೋನ್ ಮಾಡಿದ್ದರು. ಮಾವ ನನಗೆ ಫೋನ್ ಮಾಡಿದಾಗ ನಾನು ಹೇಳಿದ್ದು ಒಂದೇ: "ಮಾವ, ಮಣ್ಣ ಮಾಡಬ್ಯಾಡ್ರಿ, ಡಾಕ್ಟರ್ ಬರೂತನಕ ತಡೀರಿ."

ಸತ್ತ ದಿನವೇ ವಿಮೆ ಕಂಪನಿಗೆ ತಿಳಿಸಬೇಕು. ಪಾಲಿಸಿ ಮೇಲಿನ ನಂಬರಿಗೆ ಫೋನ್ ಮಾಡಿ, ಜತೆಗೆ ಮೆಸೇಜ್ ಅಥವಾ ಇ-ಮೇಲ್ ಕೂಡ ಹಾಕಿ. ಕಿವಿ ಓಲೆಯ, ಅಂದರೆ ಗುರುತಿಗೆ ಕಿವಿಗೆ ಹಾಕಿದ ಟ್ಯಾಗಿನ, ನಂಬರ್ ಸ್ಪಷ್ಟವಾಗಿ ಕಾಣುವ ಹಾಗೆ ತಲೆಯ ಫೋಟೊ, ಇಡೀ ದೇಹದ ಫೋಟೊ ತೆಗೆಯಿರಿ. ಕಂಪನಿಯವರು ನೋಡಲು ಬರುತ್ತಾರಾ ಅಂತ ಕೇಳಿ. ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಓಲೆಯ ನಂಬರನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಮಾವನ ಎಮ್ಮೆಯ ವರದಿಯಲ್ಲಿ 12 ಅಂಕಿಗಳ ಪೈಕಿ ಒಂದು ಅದಲುಬದಲಾಗಿತ್ತು. ಡಾಕ್ಟರ್ ಇನ್ನೂ ಅಂಗಳದಲ್ಲೇ ಕೈ ತೊಳೆಯುತ್ತಿದ್ದರು, ಅಲ್ಲೇ ತಿದ್ದಿ ಸಹಿ ಹಾಕಿದರು. ಅವರು ಹೋದ ಮೇಲೆ ಗೊತ್ತಾಗಿದ್ದರೆ ಎಷ್ಟು ತಿಂಗಳು ಅಲೆಯಬೇಕಿತ್ತೋ.

ಕೊನೆಗೆ ಓಲೆಯನ್ನು ಕಿವಿಯ ತುಂಡಿನ ಸಮೇತ ಕತ್ತರಿಸಿ ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟಿದರು. ಆ ಓಲೆಯನ್ನು ಕಂಪನಿಗೆ ಒಪ್ಪಿಸಬೇಕು. ಕಳೆಯಬೇಡಿ.

ಓಲೆ ಮೇವು ಮೇಯುವಾಗ ಕಿತ್ತುಹೋಗಿದೆ. ಪರವಾಗಿಲ್ಲವಾ?

ಪರವಾಗಿದೆ! ಓಲೆ ಇಲ್ಲದಿದ್ದರೆ ಕ್ಲೈಮ್ ಇಲ್ಲ ಅನ್ನುವುದು ಜಾನುವಾರು ವಿಮೆಯ ಹಳೇ ನಿಯಮ. ಕಿತ್ತುಹೋದ ದಿನವೇ ಕಂಪನಿಗೆ ಬರೆದು ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ನಾಯಿಗೆ ಓಲೆಯ ಬದಲು ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಸಣ್ಣ ಚಿಪ್ ಹಾಕುತ್ತಾರೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಅದು ಬೀಳುವ ಭಯ ಇಲ್ಲ.

ಜಾನುವಾರು ವಿಮೆಯ ಪ್ರೀಮಿಯಂ ಈಗ ಕಡಿಮೆ ಆಗಿದೆಯಂತೆ, ಹೌದಾ?

ಹೌದು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಬದಲಾವಣೆ ಮಾಡಿತು. ಪ್ರೀಮಿಯಂನಲ್ಲಿ ರೈತ ಕೊಡಬೇಕಾದ ಪಾಲು ಶೇ 15. ಉಳಿದದ್ದನ್ನು ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಹಿಂದೆ ಐದು ದನಗಳಿಗೆ ಇದ್ದ ಮಿತಿಯನ್ನು ಹತ್ತಕ್ಕೆ ಏರಿಸಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಈಗ ನೋಂದಣಿ ನಡೆದಿದೆಯಾ ಅಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಪಾಲಿಸಿ ಶುರುವಾಗುವ ಮುಂಚೆಯೇ ನಾಯಿಗೆ ಹುಷಾರಿರಲಿಲ್ಲ. ತಾರೀಕು ಸ್ವಲ್ಪ ಮುಂದೆ ಹಾಕಿಕೊಡಿ ಅಂತ ಡಾಕ್ಟರನ್ನು ಕೇಳಲಾ?

ದಯವಿಟ್ಟು ಕೇಳಬೇಡಿ. ನಿಮ್ಮ ಮನೆಯಲ್ಲಿ ಎಷ್ಟು ಕಷ್ಟ ಇದೆಯೋ ನನಗೆ ಅರ್ಥ ಆಗುತ್ತದೆ. ಆದರೆ ಇದು ಮೋಸ. ಸುಳ್ಳು ಪ್ರಮಾಣಪತ್ರ ಕೊಟ್ಟ ಪಶುವೈದ್ಯರು ತಮ್ಮ ನೋಂದಣಿಯನ್ನೇ ಕಳೆದುಕೊಳ್ಳಬಹುದು. ಡಾಕ್ಟರುಗಳು ಫಾರ್ಮ್ ಅಂದರೆ ಹಿಂಜರಿಯುವುದಕ್ಕೆ, ಶುಲ್ಕ ಏರಿಸುವುದಕ್ಕೆ ಇಂಥ ಒತ್ತಾಯಗಳೂ ಒಂದು ಕಾರಣ ಅಂತ ನಮ್ಮ ಡಾಕ್ಟರ್ ನೊಂದುಕೊಂಡು ಹೇಳಿದರು.

ಕಾಂಪೌಂಡರ್ ಕಡಿಮೆ ದುಡ್ಡಿಗೆ ಸಹಿ ಮಾಡಿಕೊಡುತ್ತೇನೆ ಅಂತಾನೆ. ನಡೆಯುತ್ತದಾ?

ನಡೆಯುವುದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ, ಕಾನೂನು ಕೇಳುವ ಪಶುವೈದ್ಯಕೀಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರ ನೋಂದಾಯಿತ ಪಶುವೈದ್ಯರಿಗೆ ಮಾತ್ರ ಇದೆ. ವಿಮೆ ಕಂಪನಿಯವರೂ ಅವರ ನೋಂದಣಿ ಸಂಖ್ಯೆಯನ್ನೇ ನೋಡುತ್ತಾರೆ.

ಇಂಗ್ಲೆಂಡಿನಲ್ಲಿರುವ ಅಣ್ಣ ಅಲ್ಲೂ ಹೀಗೇ ಶುಲ್ಕ ಇದೆ ಅಂತಾನೆ. ನಿಜನಾ?

ನಿಜ. ಅಲ್ಲಿ ನಾಯಿ, ಬೆಕ್ಕಿನ ವಿಮೆ ಬಹಳ ಮನೆಗಳಲ್ಲಿದೆ. ಕ್ಲೈಮಿನ ಕಾಗದ ಮಾಡಿಕೊಡಲು ಅನೇಕ ಕ್ಲಿನಿಕ್‌ಗಳು ಅಡ್ಮಿನ್ ಫೀ ತಗೊಳ್ಳುತ್ತವೆ. ಪಶುವೈದ್ಯಕೀಯ ಸೇವೆಯ ಬೆಲೆಗಳ ಬಗ್ಗೆ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2023ರಲ್ಲಿ ಪರಿಶೀಲನೆ ಶುರುಮಾಡಿ, 2024ರ ಮೇ ತಿಂಗಳಲ್ಲಿ ಪೂರ್ಣ ತನಿಖೆಗೆ ಇಳಿಯಿತು. 2025ರ ಅಕ್ಟೋಬರ್‌ನ ತಾತ್ಕಾಲಿಕ ತೀರ್ಮಾನದಲ್ಲಿ, ಕ್ಲಿನಿಕ್‌ಗಳು ಬೆಲೆಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು ಅನ್ನುವ ಪ್ರಸ್ತಾಪ ಇಟ್ಟಿತು. ನಮ್ಮಲ್ಲೂ ಕ್ಲಿನಿಕ್ ಗೋಡೆಯ ಮೇಲೆ, ದೇವರ ಫೋಟೊದ ಪಕ್ಕದಲ್ಲಿ, ಒಂದು ದರಪಟ್ಟಿ ತೂಗುಹಾಕಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಅಲ್ಲಿನ ವಿಷಯ ಅಲ್ಲಿಗೆ. ನಮ್ಮಲ್ಲಿ ಸಾಕುನಾಯಿ ವಿಮೆ ಇನ್ನೂ ಅಂಬೆಗಾಲಿಡುತ್ತಿದೆ. ಸರ್ಕಾರಿ ವಿಮೆ ಕಂಪನಿಗಳಲ್ಲಿ ನಾಯಿ ವಿಮೆ ಮೊದಲಿಂದಲೂ ಇತ್ತು. ಬಜಾಜ್ ಅಲಯನ್ಸ್ 2020ರಲ್ಲಿ ನಾಯಿಗೆಂದೇ ಆರೋಗ್ಯ ವಿಮೆ ತಂದ ಮೇಲೆ ಬೇರೆ ಖಾಸಗಿ ಕಂಪನಿಗಳೂ ಬಂದವು. ಹುಬ್ಬಳ್ಳಿಯ ಎಷ್ಟೋ ಕ್ಲಿನಿಕ್‌ಗಳಿಗೆ ವರ್ಷಕ್ಕೆ ಒಂದೆರಡು ಫಾರ್ಮ್ ಬಂದರೆ ಹೆಚ್ಚು. ಅಭ್ಯಾಸ ಇಲ್ಲದ್ದರಿಂದಲೇ ಒಬ್ಬರು ಒಂದು ದರ ಹೇಳುತ್ತಾರೆ.

ಶುಲ್ಕ ಕೊಟ್ಟು ಫಾರ್ಮ್ ಮಾಡಿಸಿದೆ, ಕಂಪನಿ ಕ್ಲೈಮ್ ತಿರಸ್ಕರಿಸಿತು. ಡಾಕ್ಟರ್ ದುಡ್ಡು ವಾಪಸ್ ಕೊಡಬೇಕಾ?

ಅವರು ಸರಿಯಾಗಿ ಬರೆದಿದ್ದರೆ ಕೊಡಬೇಕಿಲ್ಲ. ಅವರು ತಗೊಂಡದ್ದು ಬರೆದದ್ದಕ್ಕೆ, ಕ್ಲೈಮ್ ಪಾಸು ಮಾಡಿಸುವುದಕ್ಕೆ ಅಲ್ಲ.

ತಿರಸ್ಕರಿಸಿದ ಕಾರಣವನ್ನು ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ನಾಯಿ ವಿಮೆಯಲ್ಲಿ ಸಾಮಾನ್ಯ ಕಾರಣ ಲಸಿಕೆ ಬಾಕಿ ಉಳಿದಿರುವುದು, ಅಥವಾ ಪಾಲಿಸಿಯ ಕಾಯುವ ಅವಧಿಯೊಳಗೆ, ಅಂದರೆ ಪಾಲಿಸಿ ಶುರುವಾದರೂ ಕ್ಲೈಮ್ ಸಿಗದ ಮೊದಲ ಕೆಲವು ದಿನಗಳಲ್ಲಿ, ರೋಗ ಬಂದಿರುವುದು. ಕಾರಣ ಸರಿಯಿಲ್ಲ ಅನ್ನಿಸಿದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಅವರು ನೋಡುವುದು ಕಂಪನಿಯ ಮೇಲಿನ ದೂರನ್ನು ಮಾತ್ರ. ಡಾಕ್ಟರ್ ಮೇಲಿನ ದೂರನ್ನು ಅಲ್ಲಿಗೆ ಒಯ್ಯಬೇಡಿ.

ಡಾಕ್ಟರ್ ಮೇಲೆಯೇ ದೂರು ಇದ್ದರೆ ಎಲ್ಲಿಗೆ ಹೋಗಬೇಕು?

ಹಣದ ವಿಷಯ ಆದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಇದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸುಳ್ಳು ಪ್ರಮಾಣಪತ್ರ, ವೃತ್ತಿಗೆ ತಕ್ಕುದಲ್ಲದ ನಡವಳಿಕೆಯಂಥ ವಿಷಯ ಆದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಬೇಕು.

ಮುನ್ನೂರು, ಐನೂರು ರೂಪಾಯಿಗೆ ಅಷ್ಟು ದೂರ ಹೋಗಬೇಕಾ ಅಂತ ಕೇಳಿದರೆ, ನಾನು ಹೋಗುತ್ತಿರಲಿಲ್ಲ. ಆದರೆ ನಿಮ್ಮ ನಲವತ್ತು ಸಾವಿರದ ಕ್ಲೈಮ್ ಆ ಒಂದು ಫಾರ್ಮ್ ಇಲ್ಲದೆ ಕೊಳೆಯುತ್ತಿದ್ದರೆ ಖಂಡಿತ ಹೋಗಿ.

ಹೊಸದಾಗಿ ಮರಿ ತಂದಿದ್ದೇವೆ. ಈಗಲೇ ಏನು ಮಾಡಿಟ್ಟರೆ ಮುಂದೆ ತೊಂದರೆ ಕಡಿಮೆ?

ಪಾಲಿಸಿ ಕೊಳ್ಳುವ ಮೊದಲು ಕಂಪನಿಯಿಂದ ಕ್ಲೈಮ್ ಫಾರ್ಮಿನ ಖಾಲಿ ಪ್ರತಿ ತರಿಸಿಕೊಳ್ಳಿ. ಮೊದಲ ಲಸಿಕೆಗೆ ಹೋದಾಗಲೇ ಅದನ್ನು ಡಾಕ್ಟರಿಗೆ ತೋರಿಸಿ. "ಸರ್, ಮುಂದೆ ಬೇಕಾದ್ರ ಇದನ್ನ ತುಂಬಿಕೊಡ್ತೀರೇನ್ರಿ? ಎಷ್ಟಾಗ್ತದ್ರಿ?" ಅಂತ ಆರಾಮಾಗಿ ಕೇಳಿ. ಮರಿ ಆರೋಗ್ಯವಾಗಿ ಮೇಜಿನ ಮೇಲೆ ಬಾಲ ಅಲ್ಲಾಡಿಸುತ್ತಿರುವಾಗ ಈ ಮಾತು ಸುಲಭ. ಸಲೈನ್ ಏರುತ್ತಿರುವಾಗ ಬಾಯಿಂದ ಮಾತೇ ಹೊರಡುವುದಿಲ್ಲ.

ಪ್ರತಿ ಸಲ ಹೋದಾಗಲೂ ಚೀಟಿಯಲ್ಲಿ ರೋಗದ ಹೆಸರು ಬರೆಸಿಕೊಳ್ಳಿ. ಬರೀ ಔಷಧದ ಹೆಸರು ಬರೆದರೆ ಸಾಲದು. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಲ್ಲಿ ಬೆಳ್ಳಗಾಗುತ್ತದೆ, ಅವತ್ತೇ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಚಂದುನ ಲಸಿಕೆ ಕಾರ್ಡು, ಪಾಲಿಸಿ, ಬಿಲ್ಲುಗಳು ಎಲ್ಲಾ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಅವನ ಬೆಲ್ಟು ತೂಗುಹಾಕುವ ಮೊಳೆಗೇ ನೇತಾಡುತ್ತವೆ. ರಾತ್ರಿ ಹನ್ನೊಂದಕ್ಕೆ ಓಡಬೇಕಾಗಿ ಬಂದಾಗ ಬೆಲ್ಟಿನ ಜತೆಗೆ ಚೀಲವೂ ಕೈಗೆ ಬರುತ್ತದೆ.